ಕಂಪೈಲರ್ ಕೋಡ್ ಕ್ಲೀನ್ ಮಾಡಬೇಕು, ಆದ್ರೆ ವೇಗ ಬೀಳಬಾರದು: ನೀವೆಲ್ಲ ಹೇಗೆ ನೋಡಿಕೊಳ್ಳುತ್ತೀರಿ?

ಬಿಟ್ಟಂಗಾಲ_ಬೈಟ್
ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ಕಂಪನಿಯಲ್ಲಿ ಒಳಗಿನ ಬಳಕೆಗೆ ಅಂತಲೇ ಒಂದು ಸಣ್ಣ ಭಾಷೆ ಇದೆ. ಅದರ ಕಂಪೈಲರ್, ಅಂದ್ರೆ ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ಮೆಷಿನ್ ಕೋಡ್ ಮಾಡುವ ಪ್ರೋಗ್ರಾಂ, ನೋಡಿಕೊಳ್ಳೋದು ನಮ್ಮ ಟೀಮ್. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಕೊನೆಗೆ ಮೆಷಿನ್ ಕೋಡ್ ಮಾಡೋಕೆ ಎಲ್‌ಎಲ್‌ವಿಎಂ ಅನ್ನೋ ಸಿದ್ಧ ಲೈಬ್ರರಿ.

ತಲೆನೋವು ಇರೋದು ಟೈಪ್ ಚೆಕ್ಕರ್‌ನಲ್ಲಿ, ಅಂದ್ರೆ ಸಂಖ್ಯೆ, ಪಠ್ಯ ಅಂತ ಟೈಪ್‌ಗಳು ಸರಿಯಾಗಿ ಹೊಂದುತ್ತವಾ ಅಂತ ನೋಡುವ ಭಾಗದಲ್ಲಿ. ಒಂದೇ ಫಂಕ್ಷನ್, ಸಾವಿರಾರು ಸಾಲು, ಒಳಗೆ ಕೇಸ್ ಕೇಸ್ ಆಗಿ ಕವಲೊಡೆಯುವ ದೊಡ್ಡ ಸ್ವಿಚ್. ಒಂದೇ ಲಾಜಿಕ್ ಮೂರು ಕಡೆ ಕಾಪಿ ಆಗಿದೆ. ಮೂರೂ ಸ್ವಲ್ಪ ಸ್ವಲ್ಪ ಬೇರೆ. ಹೊಸದೇನಾದ್ರೂ ಸೇರಿಸಬೇಕಾದ್ರೆ ಮೂರೂ ಕಡೆ ಕೈ ಹಾಕಬೇಕು. ಹೊಸಬರಂತೂ ಆ ಫೈಲ್ ತೆರೆಯೋಕೇ ಹೆದರುತ್ತಾರೆ. ಸರಿ ಮಾಡೋಣ ಅಂದ್ರೆ ಲೀಡ್ ಹೇಳೋದು ಒಂದೇ ಮಾತು: "ಓಡ್ತಾ ಇದೆ, ಮುಟ್ಟಬೇಡಿ. ಬಿಲ್ಡ್ ನಿಧಾನ ಆದ್ರೆ ಬೈಸಿಕೊಳ್ಳೋದು ನಾನು." ಅವರ ಮಾತಲ್ಲೂ ನ್ಯಾಯ ಇದೆ. ಆ ಭಾಷೆಯ ಕೋಡ್ ಇಡೀ ದಿನ ಬಿಲ್ಡ್ ಆಗ್ತಾನೇ ಇರುತ್ತದೆ. ನಿಧಾನ ಆದ್ರೆ ಎಲ್ಲರಿಗೂ ತಟ್ಟುತ್ತದೆ.

ಹಾಗಾಗಿ ಅಳತೆ ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಬೇಕು ಅಂತಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೇ ಕೋಡನ್ನು ಎರಡು ಸಲ ಓಡಿಸಿದ್ರೂ ಸಮಯ ಬೇರೆ ಬೇರೆ ಬರುತ್ತದೆ. ಈ ಮಳೆಯಲ್ಲಿ ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತಿರುತ್ತದೆ. ಯಾವುದನ್ನು ನಂಬೋದು? ಎಷ್ಟು ನಿಧಾನ ಆದ್ರೆ ಪರವಾಗಿಲ್ಲ ಅನ್ನಬಹುದು? ಇಷ್ಟು ದೊಡ್ಡ ಫಂಕ್ಷನ್ ಎಲ್ಲಿಂದ ಬಿಡಿಸೋಕೆ ಶುರು ಮಾಡೋದು?

ಸೋಮವಾರಪೇಟೆ_ಸಿ
ನಿಮ್ಮ ಲೀಡ್ ಹೇಳಿದ್ದು ಸರಿ. ಮುಟ್ಟಬೇಡಿ.

ತೋಟದ_ಹುಡುಗಿ
ಮುಟ್ಟದೇ ಇದ್ರೆ ಇನ್ನು ಎರಡು ವರ್ಷಕ್ಕೆ ಆ ಫೈಲ್ ಅರ್ಥ ಆಗುವವರು ಒಬ್ಬರೂ ಉಳಿಯಲ್ಲ. ಆಮೇಲೆ ಏನು ಮಾಡ್ತೀರಿ ಸರ್?

ಹಾರಂಗಿ_ಹಿನ್ನೀರು
ಮೊದಲು ಗಡಿಯಾರ ಬಿಡಿ. ಇನ್‌ಸ್ಟ್ರಕ್ಷನ್, ಅಂದ್ರೆ ಪ್ರೊಸೆಸರ್ ಓಡಿಸುವ ಒಂದೊಂದು ಆದೇಶ, ಎಣಿಸಿ.

ಲಿನಕ್ಸ್‌ನಲ್ಲಿ ಪರ್ಫ್ ಸ್ಟ್ಯಾಟ್ ಅನ್ನೋ ಟೂಲ್ ಇದೆ. ನಿಮ್ಮ ಪ್ರೋಗ್ರಾಂ ಯೂಸರ್ ಮೋಡ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್ ಒಳಗಿನ ಕೆಲಸ ಬಿಟ್ಟು) ಎಷ್ಟು ಇನ್‌ಸ್ಟ್ರಕ್ಷನ್ ಓಡಿಸಿತು ಅಂತ ಪ್ರೊಸೆಸರ್‌ನ ಕೌಂಟರ್‌ನಿಂದಲೇ ಓದಿ ಹೇಳುತ್ತದೆ. ಬೇರೆ ಪ್ರೋಗ್ರಾಂ ಓಡ್ತಿರಲಿ, ಚಿಪ್ ಬಿಸಿ ಆಗಿರಲಿ, ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಂದು ವೇಗ ತಗ್ಗಿಸಿಕೊಂಡಿರಲಿ, ಈ ಸಂಖ್ಯೆ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ. ಸಮಯ ಹಾಗಲ್ಲ. ಬ್ಯಾಟರಿಗೆ ಬಂದ ಕೂಡಲೇ ಕ್ಲಾಕ್ ಇಳಿದು ನಿಮ್ಮ ಕಂಪೈಲರ್ ಕೆಟ್ಟು ಹೋದ ಹಾಗೆ ತೋರಿಸುತ್ತದೆ.

ದೊಡ್ಡವರೂ ಇದನ್ನೇ ಮಾಡೋದು. ಎಲ್‌ಎಲ್‌ವಿಎಂಗೆ ನಿಕಿತಾ ಪೊಪೊವ್ 2020ರಲ್ಲಿ ಒಂದು ಕಂಪೈಲ್ ಟೈಮ್ ಟ್ರ್ಯಾಕರ್ ಶುರು ಮಾಡಿದರು. ಹೊಸ ಕಮಿಟ್‌ಗಳು (ಕೋಡ್‌ಗೆ ಮಾಡಿದ ಒಂದೊಂದು ಬದಲಾವಣೆ) ಬಂದ ಹಾಗೆ ಸಿಟಿಮಾರ್ಕ್ ಅನ್ನೋ ಪ್ರೋಗ್ರಾಂಗಳ ಗುಂಪನ್ನು ಕಂಪೈಲ್ ಮಾಡಿ, ಇನ್‌ಸ್ಟ್ರಕ್ಷನ್ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಹಾಕುತ್ತದೆ. ಆ ಗುಂಪಿನಲ್ಲಿ ಎಸ್‌ಕ್ಯೂಲೈಟ್, ಸೆವೆನ್‌ಜಿಪ್, ಬುಲೆಟ್ ಎಲ್ಲ ಇವೆ. ರಸ್ಟ್ ಭಾಷೆಯ ಕಂಪೈಲರ್‌ನವರೂ ಹಾಗೇ. ಅವರ ಅಳತೆ ಪುಟದಲ್ಲಿ ಮೊದಲು ಕಾಣೋದು ಇನ್‌ಸ್ಟ್ರಕ್ಷನ್ ಎಣಿಕೆ.

ಕುಶಾಲನಗರ_ಕರ್ನಲ್
ಇನ್‌ಸ್ಟ್ರಕ್ಷನ್ ಒಂದನ್ನೇ ನಂಬೋದು ತಪ್ಪು. ಕ್ಯಾಶ್ ಮಿಸ್, ಅಂದ್ರೆ ಬೇಕಾದ ಡೇಟಾ ಪ್ರೊಸೆಸರ್ ಪಕ್ಕದ ಸಣ್ಣ ಮೆಮೊರಿಯಲ್ಲಿ ಸಿಗದೇ ಹೋಗೋದು, ಅದರಲ್ಲಿ ಕಾಣಲ್ಲ. ಒಂದು ಪಾಯಿಂಟರ್ (ಮೆಮೊರಿ ವಿಳಾಸ) ಹಿಂದೆ ಹೋಗೋದೂ ಒಂದೇ ಇನ್‌ಸ್ಟ್ರಕ್ಷನ್, ರಿಜಿಸ್ಟರ್ ಕೂಡಿಸೋದೂ ಒಂದೇ ಇನ್‌ಸ್ಟ್ರಕ್ಷನ್. ಮೊದಲಿನದು ಮೆಮೊರಿ ತನಕ ಹೋಗಬೇಕಾಗಿ ಬಂದ್ರೆ ನೂರಾರು ಸೈಕಲ್ (ಪ್ರೊಸೆಸರ್ ಗಡಿಯಾರದ ಬಡಿತ) ತಿನ್ನುತ್ತದೆ. ಕಂಪೈಲರ್ ಅಂದ್ರೇನೇ ಪಾಯಿಂಟರ್‌ಗಳ ಹಿಂದೆ ಓಡುವ ಪ್ರೋಗ್ರಾಂ. ಕೋಡ್‌ನ ರಚನೆ ಹಿಡಿದಿಡುವ ಸಿಂಟ್ಯಾಕ್ಸ್ ಟ್ರೀ ಇರಲಿ, ಹೆಸರುಗಳ ಪಟ್ಟಿಯಾದ ಸಿಂಬಲ್ ಟೇಬಲ್ ಇರಲಿ, ಎಲ್ಲ ಅದೇ. ಕ್ಲೀನಪ್ ಹೆಸರಲ್ಲಿ ಟ್ರೀಯ ಪ್ರತಿ ನೋಡ್‌ಗೂ ಬೇರೆ ಬೇರೆ ಅಲೊಕೇಶನ್ ಮಾಡಿದ್ರೆ, ಅಂದ್ರೆ ಮೆಮೊರಿ ಜಾಗ ಬಿಡಿಬಿಡಿಯಾಗಿ ಕೇಳಿದ್ರೆ, ಇನ್‌ಸ್ಟ್ರಕ್ಷನ್ ಸ್ವಲ್ಪವೇ ಏರುತ್ತದೆ, ಸಮಯ ಜಾಸ್ತಿ ಏರುತ್ತದೆ.

ಹಾರಂಗಿ_ಹಿನ್ನೀರು
ಒಪ್ಪುತ್ತೇನೆ. ಇನ್‌ಸ್ಟ್ರಕ್ಷನ್ ಒಂದನ್ನೇ ನೋಡಿ ಅಂತ ಹೇಳ್ತಿಲ್ಲ. ಮೊದಲು ಅದನ್ನು ನೋಡಿ. ಅಲ್ಲಿ ಅಲುಗಾಟ ಕಂಡ್ರೆ ಸೈಕಲ್, ಕ್ಯಾಶ್ ಮಿಸ್, ಮೆಮೊರಿಯ ಗರಿಷ್ಠ ಬಳಕೆ ನೋಡಿ. ರಸ್ಟ್‌ನವರ ಪುಟದಲ್ಲೂ ಇವೆಲ್ಲ ಪಕ್ಕದಲ್ಲೇ ಇವೆ. ಡೇಟಾ ಸ್ಟ್ರಕ್ಚರ್ ಬದಲಾಯಿಸಿದ್ದೀರಿ ಅಂದ್ರೆ ಮಾತ್ರ ಶುರುವಿನಿಂದಲೇ ಎಲ್ಲವನ್ನೂ ನೋಡಬೇಕು. ಟೈಪ್ ಚೆಕ್ಕರ್‌ನ ಫಂಕ್ಷನ್ ಒಡೆಯೋದಕ್ಕೆ ಇನ್‌ಸ್ಟ್ರಕ್ಷನ್ ಸಾಕಷ್ಟು ಒಳ್ಳೆಯ ಸೂಚನೆ.

ಕುಶಾಲನಗರ_ಕರ್ನಲ್
ಹಾಗೆ ಹೇಳಿದ್ರೆ ಸರಿ.

ಕಾಫಿಹೂ
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಕಂಪೈಲರ್‌ನಲ್ಲಿ ವೇಗ ಅಂದ್ರೆ ಎರಡು. ಕಂಪೈಲರ್ ತಾನು ಎಷ್ಟು ಬೇಗ ಓಡುತ್ತದೆ ಅನ್ನೋದು ಒಂದು. ಅದು ಹುಟ್ಟಿಸುವ ಕೋಡ್ ಎಷ್ಟು ಬೇಗ ಓಡುತ್ತದೆ ಅನ್ನೋದು ಇನ್ನೊಂದು. ಎರಡನೆಯದು ಕೆಟ್ಟರೆ ನಿಮ್ಮ ಗ್ರಾಹಕರಿಗೇ ತಟ್ಟುತ್ತದೆ, ಆದರೆ ನಿಮಗೆ ಗೊತ್ತಾಗೋದು ತಡವಾಗಿ.

ಒಳ್ಳೆಯ ಸುದ್ದಿ ಏನಂದ್ರೆ, ಬರೀ ಕ್ಲೀನಪ್ ಆದ್ರೆ ಎರಡನೆಯದನ್ನು ಅಳೆಯೋದೇ ಬೇಡ. ಹಳೆ ಕಂಪೈಲರ್, ಹೊಸ ಕಂಪೈಲರ್ ಎರಡಕ್ಕೂ ಒಂದೇ ಇನ್‌ಪುಟ್ ಕೊಡಿ. ಬರುವ ಆಬ್ಜೆಕ್ಟ್ ಫೈಲ್ (ಮೆಷಿನ್ ಕೋಡ್ ಇರುವ ಫೈಲ್) ಬೈಟ್‌ಗೆ ಬೈಟ್ ಒಂದೇ ಆಗಿರಬೇಕು. ಒಂದೇ ಆಗಿದ್ರೆ ಹುಟ್ಟಿದ ಕೋಡ್ ನಿಧಾನ ಆಗೋಕೆ ದಾರಿಯೇ ಇಲ್ಲ. ಗೋ ಭಾಷೆಯ ಕಂಪೈಲರ್‌ನವರಿಗೆ ಇದಕ್ಕಂತಲೇ ಟೂಲ್‌ಸ್ಟ್ಯಾಶ್ ಅಂತ ಒಂದು ಟೂಲ್ ಇದೆ. ಹಳೆಯ ಕಂಪೈಲರ್ ತೆಗೆದಿಟ್ಟುಕೊಂಡು ಹೊಸದರ ಔಟ್‌ಪುಟ್ ಜೊತೆ ಹೋಲಿಸುತ್ತದೆ. ಕ್ಲೀನಪ್ ಕಮಿಟ್‌ಗಳ ಕೊನೆಗೆ "ಟೂಲ್‌ಸ್ಟ್ಯಾಶ್ ಪಾಸ್ ಆಗಿದೆ" ಅಂತ ಬರೆದಿರುತ್ತಾರೆ. ನೋಡಿದ್ರೇನೇ ಧೈರ್ಯ ಬರುತ್ತದೆ. ಎಲ್‌ಎಲ್‌ವಿಎಂನಲ್ಲಿ ಎನ್‌ಎಫ್‌ಸಿ ಅಂತ ಹಾಕುತ್ತಾರೆ, ಕೆಲಸದಲ್ಲಿ ಬದಲಾವಣೆ ಇಲ್ಲ ಅನ್ನೋದಕ್ಕೆ. ಜಿಸಿಸಿ ಅನ್ನೋ ಸಿ ಕಂಪೈಲರ್‌ನಲ್ಲಿ ಇನ್ನೂ ಹಳೆಯ ಪದ್ಧತಿ: ಕಂಪೈಲರ್ ತನ್ನನ್ನೇ ಮತ್ತೆ ಮತ್ತೆ ಕಂಪೈಲ್ ಮಾಡಿಕೊಳ್ಳುತ್ತದೆ, ಎರಡನೇ ಹಂತದ ಮತ್ತು ಮೂರನೇ ಹಂತದ ಆಬ್ಜೆಕ್ಟ್ ಫೈಲ್‌ಗಳು ಹೊಂದಿಕೆ ಆಗದಿದ್ರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.

ಬಿಟ್ಟಂಗಾಲ_ಬೈಟ್
ಕಾಫಿಹೂ ಅಕ್ಕ, ಇದು ತುಂಬಾ ಉಪಯೋಗ ಆಯಿತು. ಈಗಲೇ ನೋಡಿದೆ. ಒಂದು ತೊಡಕು. ಏನೂ ಬದಲಾಯಿಸದೆ, ಅದೇ ಕಂಪೈಲರ್ ಎರಡು ಸಲ ಓಡಿಸಿದ್ರೂ ಕೆಲವು ಫೈಲ್ ಬೇರೆ ಬೇರೆ ಬರುತ್ತಿವೆ. ಫಂಕ್ಷನ್‌ಗಳ ಕ್ರಮ ಅದಲು ಬದಲು.

ಕಾಫಿಹೂ
ಪಾಯಿಂಟರನ್ನು ಕೀ ಮಾಡಿಕೊಂಡ ಹ್ಯಾಶ್ ಟೇಬಲ್ (ಕೀ ಕೊಟ್ಟರೆ ಅದರ ಮೌಲ್ಯ ಹುಡುಕಿ ಕೊಡುವ ಪಟ್ಟಿ) ಮೇಲೆ ಎಲ್ಲೋ ಲೂಪ್ ಹಾಕಿದ್ದಾರೆ. ನೂರಕ್ಕೆ ತೊಂಬತ್ತು ಪಾಲು ಅದೇ. ವಿಳಾಸಗಳು ಪ್ರತಿ ಸಲ ಬೇರೆ, ಆದ್ದರಿಂದ ಕ್ರಮವೂ ಬೇರೆ. ಆ ಟೇಬಲ್ ಎಲ್‌ಎಲ್‌ವಿಎಂನ ಡೆನ್ಸ್‌ಮ್ಯಾಪ್ ಆಗಿದ್ರೆ ಆ ಜಾಗದಲ್ಲಿ ಮ್ಯಾಪ್‌ವೆಕ್ಟರ್ ಹಾಕಿ. ಅದು ಸೇರಿಸಿದ ಕ್ರಮ ನೆನಪಿಟ್ಟುಕೊಳ್ಳುತ್ತದೆ. ಇಲ್ಲಾಂದ್ರೆ ಲೂಪ್ ಮುಂಚೆ ಸಾರ್ಟ್ ಮಾಡಿ. ಕ್ಲೀನಪ್ ಶುರು ಮಾಡುವ ಮೊದಲೇ ಇದು ಸರಿಯಾಗಬೇಕು. ಇಲ್ಲದಿದ್ರೆ ನಿಮ್ಮ ಹೋಲಿಕೆಗೆ ಅರ್ಥವೇ ಇಲ್ಲ.

ಮ್ಯಾಪ್‌ವೆಕ್ಟರ್ ಡೆನ್ಸ್‌ಮ್ಯಾಪ್‌ಗಿಂತ ಸ್ವಲ್ಪ ಜಾಸ್ತಿ ಮೆಮೊರಿ ಕೇಳುತ್ತದೆ, ಮಧ್ಯದಿಂದ ತೆಗೆಯೋದು ದುಬಾರಿ. ಎಲ್ಲ ಕಡೆ ಹಾಕಬೇಡಿ. ಲೂಪ್ ಇರುವ ಕಡೆ ಮಾತ್ರ.

ಮಂಜಿನ_ಮಡಿಕೇರಿ
ವಿಷಯ ಬಿಟ್ಟು ಮಾತಾಡ್ತಿದ್ದೇನೆ, ಕ್ಷಮಿಸಿ. ಬಿಟ್ಟಂಗಾಲ ಕಡೆ ನೆಟ್ ಇದೆಯಾ? ನಮ್ಮಲ್ಲಿ ಫೈಬರ್ ಕೇಬಲ್ ಮೇಲೆ ಮರ ಬಿದ್ದು ನಿನ್ನೆಯಿಂದ ಮೊಬೈಲ್ ಡೇಟಾದಲ್ಲೇ ಇದ್ದೇನೆ. ಭಾಗಮಂಡಲದಲ್ಲಿ ರಸ್ತೆ ಮೇಲೆ ನೀರು ಬಂದಿದೆಯಂತೆ.

ಬಿಟ್ಟಂಗಾಲ_ಬೈಟ್
ನೆಟ್ ಇದೆ ಅಣ್ಣಾ, ಕರೆಂಟ್ ಇಲ್ಲ. ಯುಪಿಎಸ್ ಮೇಲೆ ಓಡ್ತಿದೆ.

ಸಂಪಾಜೆ_ಘಾಟಿ
ಘಾಟಿಯಲ್ಲಿ ಮಳೆ ಬಿಟ್ಟೇ ಇಲ್ಲ ಮಾರಾಯ್ರೆ. ಸಂಜೆ ಮೇಲೆ ಈ ಕಡೆ ಗಾಡಿ ತರಬೇಡಿ.

ವಿಷಯಕ್ಕೆ ಬರ್ತೇನೆ. ಸೋಮವಾರಪೇಟೆಯವರು "ಮುಟ್ಟಬೇಡಿ" ಅಂದದ್ದಕ್ಕೆ ಒಂದು ಉದಾಹರಣೆ ಕೊಡಬಹುದು. ಗೋ ಕಂಪೈಲರ್ ಮೊದಲು ಸಿ ಭಾಷೆಯಲ್ಲಿತ್ತು. 2015ರ ಆಗಸ್ಟ್‌ನಲ್ಲಿ ಬಂದ 1.5 ಆವೃತ್ತಿಯಲ್ಲಿ ಅದನ್ನು ಗೋ ಭಾಷೆಗೇ ತಂದರು. ಯಂತ್ರದಿಂದಲೇ ಅನುವಾದ ಮಾಡಿಸಿದ ಕೋಡ್. ಬಿಲ್ಡ್ ಸುಮಾರು ಎರಡು ಪಟ್ಟು ನಿಧಾನ ಆಗುತ್ತದೆ ಅಂತ ಅವರೇ ಬಿಡುಗಡೆಯ ಟಿಪ್ಪಣಿಯಲ್ಲಿ ಬರೆದಿದ್ದರು. ನೋಡಿ, ಶುಚಿ ಮಾಡೋಕೆ ಹೋಗಿ ಎಷ್ಟು ಬೆಲೆ ಕೊಟ್ಟರು!

ಗೋಣಿಕೊಪ್ಪ_ಗಿಟ್
ಅದು ಕ್ಲೀನಪ್ ಅಲ್ಲ ಸರ್, ಮನೆಯನ್ನೇ ಬದಲಾಯಿಸಿದ್ದು. ಭಾಷೆಯೇ ಬೇರೆ ಆಯಿತು. ಮತ್ತೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಗೋ ಕೋಡ್ ಆದ ಮೇಲೆ ಅವರ ಪ್ರೊಫೈಲರ್, ಅವರ ಟೆಸ್ಟ್ ಎಲ್ಲವೂ ಕಂಪೈಲರ್ ಮೇಲೆಯೇ ಓಡೋಕೆ ಶುರುವಾದವು. 2016ರ 1.7ರಲ್ಲಿ ಎಸ್‌ಎಸ್‌ಎ ಬ್ಯಾಕೆಂಡ್, ಅಂದ್ರೆ ಮೆಷಿನ್ ಕೋಡ್ ಹುಟ್ಟಿಸುವ ಹೊಸ ಭಾಗ, ಬಂತು. ಹುಟ್ಟುವ ಕೋಡ್ ವೇಗ ಆಯಿತು, ಬಿಲ್ಡ್ ಸಮಯವೂ ಚೆನ್ನಾಗಿ ಇಳಿಯಿತು. ಹಳೆಯ ಸಿ ಕೋಡ್ ಇಟ್ಟುಕೊಂಡು ಅದನ್ನು ಸೇರಿಸೋದು ಎಷ್ಟು ಕಷ್ಟ ಇತ್ತು ಯೋಚಿಸಿ.

ಸಂಪಾಜೆ_ಘಾಟಿ
ಆದ್ರೂ ಮಧ್ಯದಲ್ಲಿ ಎರಡು ಆವೃತ್ತಿ ಬಳಸಿದವರು ಕಾದರಲ್ವಾ? ಅವರ ಸಮಯಕ್ಕೆ ಬೆಲೆ ಇಲ್ವಾ?

ಗೋಣಿಕೊಪ್ಪ_ಗಿಟ್
ಇದೆ. ಅದಕ್ಕೇ ಅವರು ಮುಚ್ಚಿಡಲಿಲ್ಲ. ಎಷ್ಟು ನಿಧಾನ, ಯಾಕೆ ನಿಧಾನ ಅಂತ ಬಿಡುಗಡೆ ದಿನವೇ ಹೇಳಿದರು. ನನಗೆ ಮುಖ್ಯ ಅನ್ನಿಸೋದು ಅದು. ಬೆಲೆ ಕೊಡೋದು ಬೇರೆ, ಬೆಲೆ ಎಷ್ಟು ಅಂತ ಗೊತ್ತಿಲ್ಲದೆ ಕೊಡೋದು ಬೇರೆ.

ಕುಶಾಲನಗರ_ಕರ್ನಲ್
ಬಿಟ್ಟಂಗಾಲ ಅವರೇ, ಯಾವ ತರದ ಕ್ಲೀನಪ್ ನಿಧಾನ ಮಾಡುತ್ತದೆ ಅಂತ ನಾನು ಕಂಡದ್ದು ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕಂಡದ್ದು: ಸಣ್ಣ ಫಂಕ್ಷನ್ ಹೆಡರ್‌ನಿಂದ (ಬೇರೆ ಫೈಲ್‌ಗಳು ಒಳಗೆ ಸೇರಿಸಿಕೊಳ್ಳುವ ಫೈಲ್) ತೆಗೆದು ಬೇರೆ ಫೈಲ್‌ಗೆ ಹಾಕೋದು. ನೋಡೋಕೆ ಚಂದ. ಆದರೆ ಲಿಂಕ್ ಸಮಯದ ಆಪ್ಟಿಮೈಸೇಶನ್ ಇಲ್ಲದಿದ್ರೆ ಆ ಫಂಕ್ಷನ್ ಇನ್ನು ಇನ್‌ಲೈನ್ ಆಗಲ್ಲ, ಅಂದ್ರೆ ಕರೆದ ಜಾಗದಲ್ಲೇ ಅದರ ಕೋಡ್ ಬಂದು ಕೂರಲ್ಲ. ಕೋಟಿ ಸಲ ಕರೆಯುವ "ಈ ಟೈಪ್ ಪೂರ್ಣಾಂಕವೇ?" ಅನ್ನುವ ಎರಡು ಸಾಲಿನ ಫಂಕ್ಷನ್ ಆಗಿದ್ರೆ ಪೆಟ್ಟು ಚೆನ್ನಾಗಿಯೇ ಬೀಳುತ್ತದೆ. ರಸ್ಟ್‌ನಲ್ಲೂ ಇದೇ. ಜೆನೆರಿಕ್ (ಹಲವು ಟೈಪ್‌ಗೆ ಆಗುವಂಥದ್ದು) ಅಲ್ಲದ ಫಂಕ್ಷನ್ ಬೇರೆ ಕ್ರೇಟ್‌ಗೆ (ರಸ್ಟ್‌ನ ಪ್ಯಾಕೇಜ್) ಹೋದ್ರೆ ಇನ್‌ಲೈನ್ ಗುರುತು ಬೇಕಾ ಅಂತ ನೋಡಬೇಕು.

ಮತ್ತೊಂದು, ಮೂರು ಕಾಪಿ ಸೇರಿಸಿ ಒಂದು ಮಾಡುವಾಗ ವ್ಯತ್ಯಾಸದ ಜಾಗಕ್ಕೆ ಎಸ್‌ಟಿಡಿ ಫಂಕ್ಷನ್ (ಫಂಕ್ಷನನ್ನೇ ಮೌಲ್ಯದ ಹಾಗೆ ಕಳಿಸುವ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಸಾಧನ) ಕೊಟ್ಟು ಬಿಡೋದು. ಅದು ಕೆಲವೊಮ್ಮೆ ಹೀಪ್‌ನಲ್ಲಿ, ಅಂದ್ರೆ ಓಡುವಾಗ ಕೇಳಿ ಪಡೆಯುವ ಮೆಮೊರಿಯಲ್ಲಿ, ಜಾಗ ಕೇಳುತ್ತದೆ. ಟೆಂಪ್ಲೇಟ್ ಮಾಡಿ, ಇಲ್ಲಾಂದ್ರೆ ಎಲ್‌ಎಲ್‌ವಿಎಂನಲ್ಲೇ ಇರುವ ಫಂಕ್ಷನ್ ರೆಫ್ ಬಳಸಿ. ಹಾಗೇ ಹೆಸರುಗಳನ್ನು ಸ್ಟ್ರಿಂಗ್ ಆಗಿ ಕಾಪಿ ಮಾಡಿ ಕಳಿಸಬೇಡಿ, ಕಾಪಿ ಮಾಡದೇ ತೋರಿಸೋಕೆ ಸ್ಟ್ರಿಂಗ್‌ರೆಫ್ ಇದೆ. ಹೆಲ್ಪರ್ ಫಂಕ್ಷನ್ ಪ್ರತಿ ಸಲ ಹೊಸ ವೆಕ್ಟರ್ ಮಾಡಿ ವಾಪಸ್ ಕೊಡುತ್ತಿದ್ರೆ ಪಟ್ಟಿ ಸಣ್ಣದಿದ್ದಾಗ ಹೀಪ್ ಮುಟ್ಟದ ಸ್ಮಾಲ್‌ವೆಕ್ಟರ್ ನೋಡಿ.

ಕೊನೆಗೆ ನೋಡ್‌ನ ಗಾತ್ರ. "ಓದೋಕೆ ಸುಲಭ ಆಗಲಿ" ಅಂತ ಟ್ರೀ ನೋಡ್‌ಗೆ ಒಂದು ಬೂಲ್ (ಹೌದು, ಇಲ್ಲ ಅನ್ನುವ ಗುರುತು) ಸೇರಿಸುತ್ತೀರಿ. ಮೆಮೊರಿಯಲ್ಲಿ ಅಳತೆಗೆ ಸರಿಯಾಗಿ ಕೂರಿಸುವ ಅಲೈನ್‌ಮೆಂಟ್‌ನಿಂದ ಅದು 8 ಬೈಟ್ ಆಗಬಹುದು. ಲಕ್ಷಾಂತರ ನೋಡ್ ಇದ್ದಾಗ ಇದು ಕ್ಯಾಶ್‌ಗೆ ಬೀಳುತ್ತದೆ. ರಸ್ಟ್ ಕಂಪೈಲರ್ ಒಳಗೆ ಮುಖ್ಯ ಟೈಪ್‌ಗಳ ಗಾತ್ರ ಇಷ್ಟೇ ಇರಬೇಕು ಅಂತ ಅಸರ್ಟ್ ಹಾಕಿಟ್ಟಿದ್ದಾರೆ. ಯಾರಾದ್ರೂ ದಪ್ಪ ಮಾಡಿದ್ರೆ ಬಿಲ್ಡ್ ಆಗೋದೇ ಇಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಸ್ಟ್ಯಾಟಿಕ್ ಅಸರ್ಟ್‌ನಿಂದ ಒಂದೇ ಸಾಲಿನಲ್ಲಿ ಆಗುತ್ತದೆ. ಇವತ್ತೇ ಹಾಕಿ.

ತೋಟದ_ಹುಡುಗಿ
ಇನ್ನೊಂದು ಸೇರಿಸುತ್ತೇನೆ. ವಿಚಿತ್ರವಾಗಿ ಕಾಣುವ ಕೋಡ್ ಎಲ್ಲವೂ ಕಸ ಅಲ್ಲ. ರಸ್ಟ್ ಕಂಪೈಲರ್ ಒಳಗೆ ಮಾಮೂಲಿ ಹ್ಯಾಶ್ ಬಿಟ್ಟು ಎಫ್‌ಎಕ್ಸ್‌ಹ್ಯಾಶ್ ಬಳಸುತ್ತಾರೆ, ಫೈರ್‌ಫಾಕ್ಸ್ ಕಡೆಯಿಂದ ಬಂದದ್ದು. ಮಾಮೂಲಿಯದು ಸಿಪ್‌ಹ್ಯಾಶ್. ಹೊರಗಿನವರು ಬೇಕಂತಲೇ ಕೀಗಳು ಡಿಕ್ಕಿ ಹೊಡೆಯುವಂತೆ ಮಾಡದಿರಲಿ ಅಂತ ಇರೋದು ಅದು. ಕಂಪೈಲರ್‌ಗೆ ಆ ಭಯ ಕಡಿಮೆ, ವೇಗ ಮುಖ್ಯ. ಗೊತ್ತಿಲ್ಲದವರು "ಸ್ಟ್ಯಾಂಡರ್ಡ್ ಲೈಬ್ರರಿಯದ್ದೇ ಹಾಕೋಣ, ಕ್ಲೀನ್ ಆಗುತ್ತೆ" ಅಂದ್ರೆ ನಿಧಾನ ಆಗುತ್ತದೆ.

ನಾನು ಮೊದಲಿದ್ದ ಕಡೆ ಒಬ್ಬರು ಹೀಗೇ ಅರೀನಾ ಅಲೊಕೇಟರ್ (ಮೆಮೊರಿಯನ್ನು ಒಟ್ಟಿಗೆ ತೆಗೆದುಕೊಂಡು ಒಳಗೇ ಹಂಚುವಂಥದ್ದು) ಕಿತ್ತು ಹಾಕಿ, ಎಲ್ಲ ಕಡೆ ಒಂದೊಂದಕ್ಕೂ ಬೇರೆ ಜಾಗ ಕೇಳುವ ಯೂನಿಕ್ ಪಾಯಿಂಟರ್ ಮಾಡಿದರು. ರಿವ್ಯೂದಲ್ಲಿ ಎಲ್ಲರೂ ಮೆಚ್ಚಿದರು. ಅಳತೆ ಇರಲಿಲ್ಲ. ಬಿಲ್ಡ್ ನಿಧಾನ ಆಗಿದೆ ಅಂತ ದೂರು ಬರೋ ಹೊತ್ತಿಗೆ ಅದರ ಮೇಲೆ ಬೇರೆ ಬದಲಾವಣೆ ಎಷ್ಟೋ ಕೂತಿದ್ದವು. ವಾಪಸ್ ತೆಗೆಯೋದು ಯಾರಿಂದಲೂ ಆಗಲಿಲ್ಲ. ಅರೀನಾ ಯಾಕೆ ಇತ್ತು ಅಂತ ಒಂದು ಸಾಲು ಕಾಮೆಂಟ್ ಇದ್ದಿದ್ರೆ ಸಾಕಿತ್ತು. ಅದು ಇವತ್ತಿಗೂ ನನಗೆ ಬೇಜಾರು.

ಸೋಮವಾರಪೇಟೆ_ಸಿ
ನಾನು ಹೇಳಿದ್ದೂ ಇದೇ ತಾನೇ?

ತೋಟದ_ಹುಡುಗಿ
ಅಲ್ಲ ಸರ್. ನೀವು ಮುಟ್ಟಬೇಡಿ ಅಂದಿರಿ. ನಾನು ಹೇಳ್ತಿರೋದು, ಅಳೆದು ಮುಟ್ಟಿ ಅಂತ.

ಗೋಣಿಕೊಪ್ಪ_ಗಿಟ್
ಎಲ್ಲಿಂದ ಶುರು ಅಂತ ಕೇಳಿದ್ರಿ. ಸಣ್ಣ ಸಣ್ಣ ಕಮಿಟ್ ಮಾಡಿ. ಒಂದು ಕಮಿಟ್‌ನಲ್ಲಿ ಹೆಸರು ಬದಲಾವಣೆ ಮಾತ್ರ. ಇನ್ನೊಂದರಲ್ಲಿ ಸ್ವಿಚ್‌ನ ಒಂದು ಕೇಸ್ ಹೊರಗೆ ತೆಗೆಯೋದು ಮಾತ್ರ. ಕ್ಲೀನಪ್ ಮತ್ತು ನಡವಳಿಕೆ ಬದಲಾಗುವ ಫಿಕ್ಸ್ ಯಾವತ್ತೂ ಒಂದೇ ಕಮಿಟ್‌ನಲ್ಲಿ ಬೇಡ. ಮೂರು ಕಾಪಿ ಸ್ವಲ್ಪ ಸ್ವಲ್ಪ ಬೇರೆ ಅಂದ್ರಲ್ಲ, ಅಲ್ಲೇ ಅಪಾಯ ಇರೋದು. ಮೊದಲು ಮೂರನ್ನೂ ಒಂದೇ ತರ ಮಾಡುವ ಕಮಿಟ್ ಬೇರೆ ಇರಲಿ, ಅದಕ್ಕೆ ಟೆಸ್ಟ್ ಬರೆಯಿರಿ, ಔಟ್‌ಪುಟ್ ಬದಲಾದ್ರೆ ಯಾಕೆ ಅಂತ ವಿವರಿಸಿ. ಸೇರಿಸೋದು ಆಮೇಲಿನ ಕಮಿಟ್. ಅದು ಬೈಟ್‌ಗೆ ಬೈಟ್ ಹೊಂದಬೇಕು.

ಹೀಗೆ ಮಾಡಿದ್ರೆ ಮುಂದೆ ಎಲ್ಲಾದ್ರೂ ವೇಗ ಬಿದ್ದರೂ ಕಮಿಟ್‌ಗಳನ್ನು ಅರ್ಧ ಅರ್ಧ ಮಾಡುತ್ತಾ ಹೋಗುವ ಗಿಟ್ ಬೈಸೆಕ್ಟ್ ಯಾವ ಕಮಿಟ್ ಅಂತ ಹುಡುಕಿ ಕೊಡುತ್ತದೆ. ಇನ್‌ಸ್ಟ್ರಕ್ಷನ್ ಎಣಿಸಿ, ಮಿತಿ ದಾಟಿದ್ರೆ ಫೇಲ್ ಅನ್ನುವ ಒಂದು ಸ್ಕ್ರಿಪ್ಟ್ ಬರೆದು ಬೈಸೆಕ್ಟ್ ರನ್‌ಗೆ ಕೊಡಿ. ತಾನಾಗೇ ಹುಡುಕುತ್ತದೆ. ಎರಡು ಸಾವಿರ ಸಾಲಿನ ಒಂದೇ ಕಮಿಟ್ ಆದ್ರೆ ಬೈಸೆಕ್ಟ್ ಅಲ್ಲಿ ತಂದು ನಿಲ್ಲಿಸುತ್ತದೆ, ಮುಂದೆ ನೀವೇ ಹುಡುಕಬೇಕು.

ಬಿಟ್ಟಂಗಾಲ_ಬೈಟ್
ಸರಿ. ಆದ್ರೆ ಪ್ರತಿ ಸಣ್ಣ ಕಮಿಟ್‌ಗೂ 0.1, 0.2 ಪ್ರತಿಶತ ಏರಿದ್ರೆ? ಒಂದೊಂದನ್ನೂ "ಇಷ್ಟೇ ತಾನೇ" ಅಂತ ಬಿಟ್ಟರೆ?

ಕಾಫಿಹೂ
ಕಂಪೈಲರ್‌ಗಳು ನಿಧಾನ ಆಗೋದೇ ಹಾಗೆ. ಒಂದೇ ದಿನ ಯಾರೂ ಹತ್ತು ಪ್ರತಿಶತ ಕೆಡಿಸಲ್ಲ. ನಮ್ಮ ತೋಟದಲ್ಲಿ ಅಪ್ಪ ಮಳೆ ಪುಸ್ತಕ ಇಟ್ಟಿದ್ದಾರೆ. ಬೆಳಗ್ಗೆ ಎದ್ದು ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆಯದೆ ಕಾಫಿ ಕುಡಿಯಲ್ಲ. ಐದು ಸೆಂಟ್ ಬಿದ್ದರೂ ಬರೆಯುತ್ತಾರೆ. ಹೂ ಮಳೆ ಯಾವಾಗ ಬಂತು, ಹೋದ ವರ್ಷಕ್ಕಿಂತ ಎಷ್ಟು ಕಡಿಮೆ ಅನ್ನೋದು ಆ ಪುಸ್ತಕ ಇರೋದರಿಂದಲೇ ಗೊತ್ತಾಗೋದು. ನೀವೂ ದಿನದ ಅಳತೆ ಹಾಗೇ ಬರೆದಿಡಿ. ಹಿಂದಿನ ಕಮಿಟ್ ಜೊತೆ ಮಾತ್ರ ಹೋಲಿಸಬೇಡಿ, ಕ್ಲೀನಪ್ ಶುರುವಾದ ದಿನದ ಜೊತೆಗೂ ಹೋಲಿಸಿ. ಒಟ್ಟು ಎಷ್ಟು ಏರಬಹುದು ಅಂತ ಲೀಡ್ ಹತ್ತಿರ ಮೊದಲೇ ಒಪ್ಪಿಸಿಕೊಳ್ಳಿ.

ಸಂಪಾಜೆ_ಘಾಟಿ
ಸೊನ್ನೆ ಅಂತ ಒಪ್ಪಿಸಿಕೊಳ್ಳಿ. ಕ್ಲೀನಪ್‌ಗೆ ಒಂದು ಪೈಸೆ ಬೆಲೆಯೂ ಕೊಡಬಾರದು ಅನ್ನೋದು ನನ್ನ ಅಭಿಪ್ರಾಯ.

ಗೋಣಿಕೊಪ್ಪ_ಗಿಟ್
ಒಪ್ಪಲ್ಲ. ರಸ್ಟ್‌ನವರ ಕ್ರಮ ನೋಡಿ. ವಾರಕ್ಕೊಮ್ಮೆ ಒಬ್ಬರು ಕೂತು ಆ ವಾರದ ಏರಿಳಿತ ಎಲ್ಲ ನೋಡುತ್ತಾರೆ. ಏರಿದ್ದಕ್ಕೆ ಲೇಬಲ್ ಬೀಳುತ್ತದೆ. ಬರೆದವರು ಕಾರಣ ಹೇಳಬೇಕು: ಬಗ್ ಫಿಕ್ಸ್ ಆಗಿತ್ತು, ಅಥವಾ ಕೋಡ್ ಇಷ್ಟು ಸರಳ ಆಯಿತು, ಅಥವಾ ಬರೀ ಅಲುಗಾಟ. ಕಾರಣ ಸರಿ ಇದ್ರೆ ಇರಲಿ ಬಿಡಿ ಅನ್ನುತ್ತಾರೆ. ಸೊನ್ನೆ ಅಂತ ಹಠ ಹಿಡಿದ್ರೆ ಯಾರೂ ಕೋಡ್ ಮುಟ್ಟಲ್ಲ. ಮೂರು ಕಾಪಿ ಹಾಗೇ ಉಳಿಯುತ್ತವೆ. ಒಂದರಲ್ಲಿ ಫಿಕ್ಸ್ ಆದ ಬಗ್ ಇನ್ನೆರಡರಲ್ಲಿ ಇರುತ್ತದೆ. ಅದಕ್ಕೂ ಬೆಲೆ ಇದೆ.

ಸಂಪಾಜೆ_ಘಾಟಿ
ಬಗ್ ವಿಷಯ ಬೇರೆ. ತಪ್ಪು ಕೋಡ್ ಹುಟ್ಟಿಸೋದಕ್ಕಿಂತ ನಿಧಾನ ಇರೋದು ವಾಸಿ, ಅದನ್ನು ಒಪ್ಪುತ್ತೇನೆ. ಬರೀ ಚಂದಕ್ಕೆ ಅಂದ್ರೆ ಈಗಲೂ ಸೊನ್ನೆಯೇ.

ಮಂಜಿನ_ಮಡಿಕೇರಿ
ಕ್ಲೀನ್ ಮಾಡಿದ ಮೇಲೆ ವೇಗ ಆಗೋದೂ ಇದೆ, ಅದನ್ನು ಯಾರೂ ಹೇಳಲಿಲ್ಲ. ಕಾಪಿ ಸೇರಿಸುವಾಗಲೇ ಒಂದೇ ಟೈಪನ್ನು ಎರಡೆರಡು ಸಲ ಲೆಕ್ಕ ಹಾಕ್ತಿರೋದು ಕಣ್ಣಿಗೆ ಬೀಳೋದು. ಆ ಲಾಭವನ್ನೂ ಬರೆದಿಡಿ, ಲೀಡ್‌ಗೆ ತೋರಿಸೋಕೆ ಆಗುತ್ತದೆ.

ಕುಶಾಲನಗರ_ಕರ್ನಲ್
ಸಮಯವನ್ನೇ ಅಳೆಯಬೇಕಾಗಿ ಬಂದ್ರೆ ಒಂದು ಎಚ್ಚರಿಕೆ. 2009ರಲ್ಲಿ ಮಿಟ್ಕೊವಿಚ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ತೋರಿಸಿದ್ದು: ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಗಾತ್ರ ಬದಲಾದ್ರೆ ಸಾಕು, ಫೈಲ್‌ಗಳನ್ನು ಲಿಂಕ್ ಮಾಡುವ ಕ್ರಮ ಬದಲಾದ್ರೆ ಸಾಕು, ಅದೇ ಪ್ರೋಗ್ರಾಂನ ವೇಗ ಬದಲಾಗುತ್ತದೆ. ಮೆಮೊರಿಯಲ್ಲಿ ಕೋಡ್, ಸ್ಟ್ಯಾಕ್ ಕೂರುವ ಜಾಗ ಸರಿಯೋದೇ ಕಾರಣ. ಹಾಗಾಗಿ ಫಂಕ್ಷನ್ ಒಂದನ್ನು ಬೇರೆ ಫೈಲ್‌ಗೆ ಹಾಕಿ ಒಂದು ಪ್ರತಿಶತ ಏರಿದ್ರೆ ಕೂಡಲೇ ಹೆದರಬೇಡಿ, ಕೂಡಲೇ ಖುಷಿಯೂ ಪಡಬೇಡಿ. ಪ್ರೊಸೆಸರ್ ತಾನಾಗೇ ವೇಗ ಏರಿಸಿಕೊಳ್ಳುವ ಟರ್ಬೊ ಆಫ್ ಮಾಡಿ, ಅದರ ವೇಗ ನಿರ್ಧರಿಸುವ ಗವರ್ನರ್ ಪರ್ಫಾರ್ಮೆನ್ಸ್‌ಗೆ ಇಡಿ, ಹಳೆಯದು ಹೊಸದು ಒಂದಾದ ಮೇಲೊಂದು ಸರದಿಯಲ್ಲಿ ಓಡಿಸಿ. ಹಳೆಯದನ್ನೆಲ್ಲ ಬೆಳಗ್ಗೆ, ಹೊಸದನ್ನೆಲ್ಲ ಮಧ್ಯಾಹ್ನ ಓಡಿಸೋದು ಬೇಡ. ಕರೆಂಟ್ ಇದ್ದಾಗ ಮಾತ್ರ ಓಡಿಸಿ.

ಮಂಜಿನ_ಮಡಿಕೇರಿ
ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಲ್ಲಿ ಕರೆಂಟ್ ಇದ್ದಾಗ ಮಾತ್ರ ಅಂದ್ರೆ ಕಷ್ಟ ಇದೆ. ಅಂದ ಹಾಗೆ ಮದ್ದು ಸೊಪ್ಪು ಯಾರಿಗಾದ್ರೂ ಸಿಕ್ತಾ? ಅದನ್ನು ತಿನ್ನುವ ಕಕ್ಕಡ ಹದಿನೆಂಟು ಹತ್ತಿರ ಬಂತು.

ತೋಟದ_ಹುಡುಗಿ
ನಮ್ಮ ಬೇಲಿ ತುಂಬಾ ಇದೆ ಅಣ್ಣಾ. ಅವತ್ತು ಬನ್ನಿ, ಪಾಯಸಕ್ಕೆ ಆಗುವಷ್ಟು ಕೊಯ್ದು ಕೊಡುತ್ತೇನೆ.

ಬಿಟ್ಟಂಗಾಲ_ಬೈಟ್
ಇಷ್ಟು ಜನ ಸಮಯ ಕೊಟ್ಟದ್ದಕ್ಕೆ ನಿಜಕ್ಕೂ ಖುಷಿಯಾಯಿತು. ಲೀಡ್ ಜೊತೆ ಮಾತಾಡಿದೆ. ಔಟ್‌ಪುಟ್ ಪ್ರತಿ ಸಲ ಬೇರೆ ಬರುತ್ತಿರುವ ವಿಷಯ ತೋರಿಸಿದಾಗ ಅವರೇ ಗಂಭೀರ ಆದರು. ಮೊದಲು ಅದನ್ನು ಸರಿ ಮಾಡಿ ಅಂದಿದ್ದಾರೆ. ಆಮೇಲೆ ಒಂದೊಂದೇ ಕೇಸ್ ಹೊರಗೆ ತೆಗೆಯೋಕೆ ಒಪ್ಪಿದ್ದಾರೆ, ಪ್ರತಿ ಕಮಿಟ್‌ನಲ್ಲಿ ಇನ್‌ಸ್ಟ್ರಕ್ಷನ್ ಸಂಖ್ಯೆ ಬರೆದಿದ್ರೆ.

ಒಂದೇ ಸಂದೇಹ ಉಳಿದಿದೆ. ನಮ್ಮ ಬಿಲ್ಡ್ ಸರ್ವರ್ ಕ್ಲೌಡ್‌ನಲ್ಲಿ ಇರುವ ವರ್ಚುವಲ್ ಮೆಷಿನ್. ಅಲ್ಲಿ ಪರ್ಫ್ ಸ್ಟ್ಯಾಟ್ ಹಾಕಿದ್ರೆ ಇನ್‌ಸ್ಟ್ರಕ್ಷನ್ ಜಾಗದಲ್ಲಿ "ಬೆಂಬಲ ಇಲ್ಲ" ಅಂತ ಬರ್ತಿದೆ.

ಹಾರಂಗಿ_ಹಿನ್ನೀರು
ಕೆಲವು ವರ್ಚುವಲ್ ಮೆಷಿನ್‌ಗಳಲ್ಲಿ ಪ್ರೊಸೆಸರ್ ಕೌಂಟರ್ ಒಳಗೆ ಬಿಡಲ್ಲ. ವಾಲ್‌ಗ್ರೈಂಡ್ ಅನ್ನೋ ಟೂಲ್ ಗುಂಪಿನ ಕ್ಯಾಶ್‌ಗ್ರೈಂಡ್ ಹಾಕಿ. ಅದಕ್ಕೆ ಹಾರ್ಡ್‌ವೇರ್ ಕೌಂಟರ್ ಬೇಡ, ಇನ್‌ಸ್ಟ್ರಕ್ಷನ್ ಎಲ್ಲ ತಾನೇ ಎಣಿಸುತ್ತದೆ, ಯಾವ ಸಾಲಿಗೆ ಎಷ್ಟು ಅಂತಲೂ ಹೇಳುತ್ತದೆ. ಅದನ್ನು ಬರೆದ ನಿಕೋಲಸ್ ನೆದರ್‌ಕೋಟ್ ಮುಂದೆ ರಸ್ಟ್ ಕಂಪೈಲರ್ ವೇಗ ಮಾಡೋ ಕೆಲಸದಲ್ಲೂ ಅದನ್ನೇ ಬಳಸಿದರು. ತುಂಬಾ ನಿಧಾನ ಓಡುತ್ತದೆ, ಹತ್ತಾರು ಪಟ್ಟು. ಹಾಗಾಗಿ ಇಡೀ ಬಿಲ್ಡ್‌ಗೆ ಬೇಡ. ಟೈಪ್ ಚೆಕ್ಕರ್‌ಗೆ ಹೆಚ್ಚು ಕೆಲಸ ಕೊಡುವ ಎರಡು ಮೂರು ಫೈಲ್ ಆರಿಸಿ, ಅವಕ್ಕೆ ಮಾತ್ರ ರಾತ್ರಿ ಓಡಿಸಿ. ಕಂಪೈಲರ್ ಬಿಲ್ಡ್ ಮಾಡುವಾಗ ಡೀಬಗ್ ಮಾಹಿತಿ ಆನ್ ಇರಲಿ, ಇಲ್ಲಾಂದ್ರೆ ಸಾಲಿನ ಲೆಕ್ಕ ಸಿಗಲ್ಲ. ಆಪ್ಟಿಮೈಸೇಶನ್ ಮಾತ್ರ ಆಫ್ ಮಾಡಬೇಡಿ.